ಗೋಲ್‌ಕೀಪರ್ ಎದೆಯ ನೀರುಗುಳ್ಳೆ

ಎಲ್ಲರೂ ಕೇಳುವ ಪ್ರಶ್ನೆಗಳಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಹೌದು, ಈ ಕಾಯಿಲೆ ನಾಯಿಯಿಂದಲೇ ಬಂದದ್ದು. ಇಲ್ಲ, ನಾಯಿಯನ್ನು ನಾವು ಓಡಿಸಿಲ್ಲ. ಹೌದು, ಎದೆ ಕೊಯ್ದರು. ಇಲ್ಲ, ಮದುವೆಗೆ ಇದರಿಂದ ತೊಂದರೆ ಏನೂ ಇಲ್ಲವಂತೆ; ಇದನ್ನು ಕೇಳಿದ್ದು ನಾನಲ್ಲ, ನಮ್ಮ ಸೋದರತ್ತೆ, ಅದೂ ಡಾಕ್ಟರರ ಬಾಗಿಲಿಗೆ ಅಡ್ಡ ನಿಂತು. ಇಷ್ಟು ಗೊತ್ತಾದ ಮೇಲೆ ಬಂದವರು ಚಹಾ ಕುಡಿದು ಎದ್ದು ಹೋಗುತ್ತಾರೆ. ಉಳಿದದ್ದನ್ನು ಯಾರೂ ಕೇಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ನನ್ನಂಥವಳೊಬ್ಬಳು ಎಕ್ಸ್-ರೇ ಕವರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರಬಹುದು. ನನಗೊಬ್ಬಳಿಗೇ ಯಾಕೆ ಹೀಗಾಯಿತು ಅನ್ನಿಸುತ್ತಿರಬಹುದು ಅವಳಿಗೆ. ನಿನಗೊಬ್ಬಳಿಗೇ ಅಲ್ಲ ಕಣವ್ವ.

ನನ್ನ ಹೆಸರು ರೇಣುಕಾ. ಜಗಳೂರು ತಾಲ್ಲೂಕಿನಲ್ಲಿ ಸೊಕ್ಕೆಯ ಕಡೆ ನಮ್ಮೂರು. ನಮ್ಮದು ಕುರಿ ಸಾಕುವ ಮನೆ. ಸಂಜೆ ತಾಯಿ ಕುರಿಗಳು ಮೇವಿನಿಂದ ವಾಪಸು ಬಂದಾಗ ರೊಪ್ಪದೊಳಗೆ, ಅಂದರೆ ಕುರಿದೊಡ್ಡಿಯೊಳಗೆ, ಕೂಡಿದ ಮರಿಗಳು ಹಾಲಿಗಾಗಿ ಒಟ್ಟಿಗೇ ಬಾಗಿಲಿಗೆ ನುಗ್ಗುತ್ತವೆ. ಹಾಗೆ ಬಿಟ್ಟರೆ ಸಣ್ಣವು ತುಳಿತಕ್ಕೆ ಸಿಕ್ಕಿ ಸಾಯುತ್ತವೆ. ಯಾರಾದರೂ ಬಾಗಿಲಲ್ಲಿ ಕಾಲು ಅಗಲಿಸಿ, ಎರಡೂ ಕೈ ಚಾಚಿ ನಿಂತು ಒಂದೊಂದನ್ನೇ ಹೊರಗೆ ಬಿಡಬೇಕು. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ಎಂಟನೇ ಕ್ಲಾಸಿನಲ್ಲಿ ಒಮ್ಮೆ ವಾರಗಟ್ಟಲೆ ಶಾಲೆಗೆ ಹೋಗದಿದ್ದಾಗ ಪಿ.ಟಿ. ಟೀಚರು ಗಿರಿಜಾ ಮೇಡಂ ವಿಚಾರಿಸಲು ಮನೆಗೆ ಬಂದರು. ನ್ಯಾಮತಿಯವರು, ಜೋರು ದನಿ. ನಾನು ರೊಪ್ಪದ ಬಾಗಿಲಲ್ಲಿ ನಿಂತಿದ್ದೆ. ಅವರು ಬೈಯಲು ಬಂದವರು ಬೈಯದೆ ನೋಡುತ್ತಲೇ ನಿಂತರು. ಕೊನೆಯ ಮರಿ ಹೋದ ಮೇಲೆ ಅಪ್ಪನ ಕಡೆ ತಿರುಗಿ, "ಈ ಹುಡುಗೀನ ನನಗೆ ಕೊಡ್ರಿ" ಅಂದರು.

ಹ್ಯಾಂಡ್‌ಬಾಲ್ ಗೊತ್ತಿಲ್ಲದವರಿಗೆ ಒಂದೇ ಮಾತು ಹೇಳುತ್ತೇನೆ. ಎದುರಿನವರು ನಾಲ್ಕು ಹೆಜ್ಜೆ ದೂರದಿಂದ ಹಾರಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಚೆಂಡು ಬೀಸುತ್ತಾರೆ. ಗೋಲ್‌ಕೀಪರ್‌ಗೆ ಅದನ್ನು ಹಿಡಿಯಲು ಸಮಯ ಎಲ್ಲಿರುತ್ತದೆ? ಮೈಯನ್ನೇ ಅಡ್ಡ ಕೊಡಬೇಕು. ಕೈ, ತೊಡೆ, ಹೊಟ್ಟೆ, ಎದೆ, ಮುಖ, ಯಾವುದಕ್ಕೆ ಬಡಿದರೂ ಸರಿ, ಗೋಲಾಗಬಾರದು. ಕಣ್ಣು ಮುಚ್ಚಿದವಳು ಕೆಟ್ಟಳು. ನಾನು ಮುಚ್ಚುತ್ತಿರಲಿಲ್ಲ.

ಹೀಗೇ ಜಿಲ್ಲೆ, ರಾಜ್ಯ ಅಂತ ಆಡುತ್ತ ಹದಿನೇಳನೇ ವಯಸ್ಸಿಗೆ ರಾಷ್ಟ್ರೀಯ ತಂಡದ ಶಿಬಿರ ಸೇರಿದೆ. ಅಲ್ಲಿಂದ ಹದಿನೆಂಟರೊಳಗಿನ ಹುಡುಗಿಯರ ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ ಆರಿಸಿದ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಮೊದಲ ಗೋಲ್‌ಕೀಪರ್ ನಾನು, ಎರಡನೆಯವಳು ಹರಿಯಾಣದ ರೀನಾ. ಇಬ್ಬರೂ ಶಿಬಿರದಲ್ಲಿ ಒಂದೇ ಕೋಣೆಯಲ್ಲಿದ್ದೆವು. ಜಗಳೂರಿನಲ್ಲಿ ಶಾಲು ಹೊದೆಸಿದರು. ಪೇಪರಿನಲ್ಲಿ ಫೋಟೊ ಬಂತು. ಅಜ್ಜಿ ಆ ಫೋಟೊದ ಮುಂದೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, "ಘಾಟೇ ಬರ್ಲಿಲ್ಲ ನೋಡು, ಎಷ್ಟು ಕಣ್ಣು ಬಿದ್ದಾವೋ" ಅಂದಳು. ಅವಳಿಗೆ ಹ್ಯಾಂಡ್‌ಬಾಲ್ ಅಂದರೆ ಏನೆಂದು ಇವತ್ತಿಗೂ ಗೊತ್ತಿಲ್ಲ. ಮೊಮ್ಮಗಳು ವಿಮಾನ ಹತ್ತುತ್ತಾಳೆ ಅನ್ನುವುದು ಗೊತ್ತಿತ್ತು. ಇಂಥ ಪಂದ್ಯಾವಳಿ ಮತ್ತೆ ನಡೆಯುವ ಹೊತ್ತಿಗೆ ನನಗೆ ವಯಸ್ಸು ಮೀರಿರುತ್ತದೆ ಅನ್ನುವುದು ನನಗೆ ಗೊತ್ತಿತ್ತು.

ಹೊರಡಲು ಎರಡು ತಿಂಗಳಿತ್ತು. ನಮ್ಮ ಹುಡುಗಿಯರ ಹೊಡೆತ ನನಗೆ ಸಾಲುತ್ತಿಲ್ಲವೆಂದು ಮೇಡಂ ನನ್ನನ್ನು ಹೊನ್ನಾಳಿಗೆ ಕರೆದೊಯ್ದು ಕಾಲೇಜು ಹುಡುಗರ ತಂಡದೆದುರು ನಿಲ್ಲಿಸಿದರು. ಒಂದು ಚೆಂಡು ಎಡಪಕ್ಕೆಗೆ ಬಡಿಯಿತು. ಅಂಥವು ನೂರು ತಿಂದಿದ್ದೆ, ಆದರೆ ಇದು ಒಳಗೆಲ್ಲೋ ತಾಕಿತು. ಕೆಮ್ಮು ಹತ್ತಿತು. ವಾಪಸು ಬರುವಾಗ ಬಸ್ಸಿನಲ್ಲಿ ಮೈತುಂಬ ದದ್ದು ಎದ್ದು ತುರಿಕೆ ತಡೆಯಲಾಗಲಿಲ್ಲ. "ಮಂಡಕ್ಕಿ ಮೆಣಸಿನಕಾಯಿ ಮೂರು ಪ್ಲೇಟು ಯಾರು ತಿನ್ನು ಅಂದಿದ್ರು ನಿನಗೆ?" ಅಂತ ಮೇಡಂ ಬೈದರು. ಎರಡೇ ತಿಂದಿದ್ದೆ. ಬೆಳಗ್ಗೆ ದದ್ದು ಇಳಿಯಿತು, ಕೆಮ್ಮು ಮಾತ್ರ ಇಳಿಯಲಿಲ್ಲ.

ಹತ್ತು ದಿನ ಕಳೆದರೂ ಬಿಡದಿದ್ದಾಗ ಜಗಳೂರಿನ ಡಾಕ್ಟರು ದಾವಣಗೆರೆಗೆ ಬರೆದುಕೊಟ್ಟರು. ಎಕ್ಸ್-ರೇ ತೆಗೆಯುವಾಗ ಅಲ್ಲಿದ್ದವನು "ಬೇಗ ಬೇಗ, ಗಲ್ಲ ಮೇಲೆ, ಭುಜ ಮುಂದೆ" ಎಂದು ದನ ಅಟ್ಟಿದ ಹಾಗೆ ಗದರುತ್ತಿದ್ದ. ಫಿಲ್ಮು ನೋಡಿ ಬಂದ ಮೇಲೆ ದನಿ ಬದಲಾಯಿತು. "ಕುಂತ್ಕಳಮ್ಮ, ನೀರು ಕುಡೀತೀಯಾ?" ಅಂದ. ನನಗೆ ಆಗಲೇ ಭಯವಾಯಿತು. ಆಸ್ಪತ್ರೆಯಲ್ಲಿ ಯಾರಾದರೂ ಗದರುವುದನ್ನು ನಿಲ್ಲಿಸಿದರೆ ಏನೋ ಇದೆ ಅಂತಲೇ ಅರ್ಥ. ಇದನ್ನು ಬೆಂಚಿನ ಮೇಲಿರುವವಳು ನೆನಪಿಟ್ಟುಕೊಳ್ಳಬಹುದು.

ಕವರಿನಿಂದ ತೆಗೆದು ಬೆಳಕಿಗೆ ಹಿಡಿದೆ. ಎಡಗಡೆ ಕೆಳಗೆ ದುಂಡಗೆ, ಯಾರೋ ಬಟ್ಟಲು ಬೋರಲಿಟ್ಟು ಗೆರೆ ಎಳೆದ ಹಾಗೆ ಒಂದು ಬಿಳಿ ಉಂಡೆ. ಅವ್ವ ನೋಡಿ, "ಹೃದಯ ಇರ್ಬೇಕು" ಅಂದಳು. ಹೃದಯ ಅದರ ಪಕ್ಕದಲ್ಲೇ ಕಾಣುತ್ತಿತ್ತು.

ಆಮೇಲಿನ ಆರು ದಿನ ಕಾಯುವುದೇ ಕೆಲಸ. ಸ್ಕ್ಯಾನ್‌ಗೆ ಒಂದು ದಿನ, ರಕ್ತಕ್ಕೆ ಒಂದು ದಿನ, ವರದಿಗೆ ಮೂರು ದಿನ, ದೊಡ್ಡ ಡಾಕ್ಟರು ಬಾರದ್ದಕ್ಕೆ ಒಂದು ದಿನ. ಬೆಳಗಿನ ಬಸ್ಸಿಗೆ ಹೋಗುವುದು, ಹೆಸರು ಬರೆಸುವುದು, ಗೋಡೆಗೊರಗಿ ಕೂರುವುದು. ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿರುತ್ತಿದ್ದಳು. ಯಾರೂ ತಿನ್ನದೆ ಬುತ್ತಿ ಹಾಗೇ ಊರಿಗೆ ವಾಪಸು ಬರುತ್ತಿತ್ತು. ಪಕ್ಕದಲ್ಲಿ ಕೂತವರಲ್ಲಿ ಒಬ್ಬರು ಟಿಬಿ ಅಂದರು, ಇನ್ನೊಬ್ಬರು ಗಂಟು ಅಂದರು. ಗಂಟು ಅಂದವರು ನನ್ನ ಮುಖ ನೋಡಿ, "ಒಳ್ಳೇ ಗಂಟೂ ಇರ್ತಾವೆ ಕಣವ್ವ" ಅಂತ ಸಮಾಧಾನ ಹೇಳಿದರು. ಅಪ್ಪ ಬಸ್ಸಿನಲ್ಲಿ ಒಂದೇ ಮಾತು: "ಯಾರಿಗೂ ಹೇಳಬ್ಯಾಡ." ನಾನು ಕಿಟಕಿಯಾಚೆ ಮೆಕ್ಕೆಜೋಳದ ಹೊಲ ನೋಡುತ್ತ ದಿನ ಎಣಿಸುತ್ತಿದ್ದೆ. ಸಾವಿನ ಯೋಚನೆ ಬಂದಿರಲಿಲ್ಲ, ನಿಜ ಹೇಳುತ್ತೇನೆ. ವಿಮಾನಕ್ಕೆ ಎಷ್ಟು ದಿನ ಉಳಿಯಿತು ಅಂತ ಎಣಿಸುತ್ತಿದ್ದೆ.

ಏಳನೇ ದಿನ ದೊಡ್ಡ ಡಾಕ್ಟರು ಒಳಗೆ ಕರೆದರು. ವಯಸ್ಸಾದವರು, ಮೆಲ್ಲಗೆ ಮಾತಾಡುತ್ತಿದ್ದರು. "ಕ್ಯಾನ್ಸರ್ ಅಲ್ಲ, ಟಿಬಿ ಅಲ್ಲ" ಅಂದರು. ಅವ್ವ ಅಲ್ಲೇ ಕೈಮುಗಿದಳು. "ಇದು ಹುಳದ ಗುಳ್ಳೆ. ನೀರು ತುಂಬ್ಕೊಂಡೈತೆ. ಮನೇಲಿ ಕುರಿ ಅದಾವಾ?"

"ಅದಾವ್ರಿ," ಅಪ್ಪ ಹೇಳಿದ.

"ನಾಯಿ?"

"ಕುರಿ ಅಂದ ಮ್ಯಾಗೆ ನಾಯಿ ಇಲ್ದಂಗೆ ಇರ್ತಾವಾ ಸಾರ್?"

"ಕುರಿ ಕೊಯ್ದಾಗ ಒಳಗೆ ನೀರುಗುಳ್ಳೆ ಸಿಗ್ತಾವಲ್ಲ, ಅವನ್ನ ಏನು ಮಾಡ್ತೀರಿ?"

ಅಪ್ಪ ನೆಟ್ಟಗೆ ಕೂತ. ನಾವು ಕೊಳಕು ಜನ ಅಂದುಕೊಂಡಾರು ಅನ್ನುವ ಆತಂಕ ಅವನಿಗೆ. "ಅದನ್ನ ನಾವು ತಿನ್ನಂಗೇ ಇಲ್ಲ ಸಾರ್. ನಮ್ಮವ್ವ ಅದ್ರಾಗೆ ಭಾಳ ಚೊಕ್ಕ. ಒಂದು ಗುಳ್ಳೆ ಕಂಡ್ರೂ ಆ ತುಂಡು ಪೂರಾ ಕೊಯ್ದು ತೆಗ್ದು ನಾಯಿಗೆ ಹಾಕ್ತೀವಿ."

ಡಾಕ್ಟರು ಪೆನ್ನು ಕೆಳಗಿಟ್ಟರು. ಆಮೇಲೆ ಹೇಳಿದರು. ಕುರಿಯ ಆ ಗುಳ್ಳೆಯಿಂದಲೇ ಹುಳ ನಾಯಿಯ ಹೊಟ್ಟೆ ಸೇರುವುದು. ನಾಯಿಗೆ ಏನೂ ಆಗುವುದಿಲ್ಲ. ಅದರ ಮೈ ಕೂದಲಿಗೆ ಕಣ್ಣಿಗೆ ಕಾಣದ ಮೊಟ್ಟೆ ಅಂಟಿರುತ್ತದೆ. ಅದರ ಜೊತೆ ಆಡಿದ ಮಗುವಿನ ಕೈಯಿಂದ ಬಾಯಿಗೆ ಹೋಗುತ್ತದೆ. ಆಮೇಲೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ.

ಅಪ್ಪನ ಮುಖ ನೋಡಲು ನನಗಾಗಲಿಲ್ಲ. ನಮ್ಮ ಮನೆಯಲ್ಲಿ ಆ ತುಂಡನ್ನು ಅಜ್ಜಿ ಕೊಯ್ದು ನನ್ನ ಕೈಗೆ ಕೊಡುತ್ತಿದ್ದಳು. "ಗುಳ್ಳೆ ಐತೆ, ನಮಗೆ ಬ್ಯಾಡ, ನಾಯಿಗೆ ಹಾಕ್ಹೋಗು." ನಾಲ್ಕೈದು ವರ್ಷದವಳಿದ್ದಾಗಿನಿಂದ ಅದು ನನ್ನ ಕೆಲಸ. ನಾನು ಎಸೆದರೆ ನಾಯಿ ಗಾಳಿಯಲ್ಲೇ ಹಿಡಿಯುತ್ತಿತ್ತು. ತಿಂದು ಬಂದು ನನ್ನ ಮುಖ ನೆಕ್ಕುತ್ತಿತ್ತು. ಅದರ ಕುತ್ತಿಗೆ ತಬ್ಬಿಕೊಂಡು ರೊಪ್ಪದ ಬಾಗಿಲಲ್ಲಿ ನಿದ್ದೆ ಹೋಗುತ್ತಿದ್ದೆ.

"ಸಾರ್, ಎರಡು ತಿಂಗಳು ಬಿಟ್ಟು ಆಪರೇಷನ್ ಮಾಡ್ರಿ," ಅಂದೆ. "ಇಷ್ಟು ವರ್ಷ ಇದ್ದದ್ದು ಇನ್ನೆರಡು ತಿಂಗಳು ಇರಾಕೆ ಏನು?"

"ಏನೈತಮ್ಮ ಅಷ್ಟು ಅರ್ಜೆಂಟು?"

ಹೇಳಿದೆ. ಅವರಿಗೆ ಖುಷಿಯಾಯಿತು. "ಯಾವ ಜಾಗದಾಗೆ ಆಡ್ತೀಯಾ?"

"ಗೋಲ್‌ಕೀಪರ್ ಸಾರ್."

ಅವರ ನಗು ಹೋಯಿತು. ಹೊನ್ನಾಳಿಯಲ್ಲಿ ಬಡಿದ ಚೆಂಡಿಗೆ ಗುಳ್ಳೆ ಸ್ವಲ್ಪ ಜಿನುಗಿದ್ದಕ್ಕೇ ಆ ದದ್ದು ಎದ್ದದ್ದಂತೆ. ಪೂರಾ ಒಡೆದರೆ ಆಟದ ಅಂಗಳದಲ್ಲೇ ಜೀವ ಹೋಗಬಹುದು ಅಂದರು. ಎದೆ ಕೊಟ್ಟು ಚೆಂಡು ತಡೆಯುವುದೇ ನನ್ನ ಆಟ, ಅಲ್ಲೇ ಇದು ಬಂದು ಕೂತಿದೆ. ಬೆರಳಲ್ಲಿ ಬಂದಿದ್ದರೆ ಬೆರಳು ಕಟ್ಟಿಕೊಂಡು ಆಡುತ್ತಿದ್ದೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ನಾಯಿಯ ಮೇಲೋ? ಹೊರಗೆ ಬಂದು ನಲ್ಲಿಯ ಹತ್ತಿರ ನಿಂತು ಗೋಡೆಗೆ ಒದ್ದೆ. ಅವ್ವ ಒದೆಯಲು ಬಿಟ್ಟು ಪಕ್ಕದಲ್ಲಿ ನಿಂತಿದ್ದಳು.

ಆದರೂ ನಾನು ಬಿಡಲಿಲ್ಲ. ಶಿಬಿರದಲ್ಲಿ ಕೊಟ್ಟ ಫಿಟ್‌ನೆಸ್ ಸರ್ಟಿಫಿಕೇಟ್ ಮೇಡಂ ಹತ್ತಿರವೇ ಇತ್ತು. ಅಲ್ಲಿ ಎತ್ತರ, ತೂಕ, ರಕ್ತ ನೋಡಿದ್ದರು. ಎದೆಯೊಳಗೆ ಯಾರೂ ಇಣುಕಿರಲಿಲ್ಲ. ರಜೆಯಲ್ಲಿ ಊರಿಗೆ ಹೋಗಿದ್ದ ಮೇಡಂ ವಿಷಯ ತಿಳಿದು ನ್ಯಾಮತಿಯಿಂದ ಮನೆಗೆ ಬಂದ ದಿನ ಅವ್ವ ಚಹಾ ತರಲು ಒಳಗೆ ಹೋದದ್ದೇ ತಡ, ಹೇಳಿದೆ. "ಅದನ್ನೇ ಕಳಿಸ್ರಿ ಮೇಡಂ. ಈಗಿಂದು ಯಾರಿಗೂ ಗೊತ್ತಿಲ್ಲ. ನಾನು ಎಡಗಡೆ ಚೆಂಡು ಬೀಳದಂಗೆ ನೋಡ್ಕಂತೀನಿ."

"ಎಡಗಡೆ ಬಿಟ್ಟು ಬಲಗಡೆ ಒಂದೇ ಕಾಯ್ತೀಯಾ? ಅರ್ಧ ಗೋಲಿಗೆ ಕೀಪರ್ರಾ ನೀನು?"

"ನಿಮಗೆ ಹೇಳಿದ್ರೆ ಏನು ಗೊತ್ತಾಕ್ಕತಿ? ನೀವು ಯಾವತ್ತು ದೇಶಕ್ಕೆ ಆಡೀರಿ? ತಾಲ್ಲೂಕು ದಾಟಿಲ್ಲ ನೀವು. ನಿಮಗೆ ಹೊಟ್ಟೆಕಿಚ್ಚು."

ಹೇಳಬಾರದಿತ್ತು. ಹೇಳಿದೆ. ಮೇಡಂ ಮುಖ ಒಂದು ಕ್ಷಣ ಬಿಳಿಚಿತು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಬೈಯಿ. ಇನ್ನೂ ಬೈಯಿ. ಬೈಯಾಕೆ ನೀನು ಬದುಕಿರ್ಬೇಕಲ್ಲ," ಅಂದರು. ನನ್ನೆದುರಿಗೇ ಫೋನು ತೆಗೆದು ತಂಡದ ಕೋಚ್‌ಗೆ ಹಿಂದಿಯಲ್ಲಿ ಎಲ್ಲ ಹೇಳಿದರು. ಮಾತಿನ ಮಧ್ಯೆ ದನಿ ಒಡೆಯಿತು, ಜಗುಲಿಯಿಂದ ಇಳಿದು ರೊಪ್ಪದ ಹಿಂದೆ ಹೋಗಿ ಮಾತು ಮುಗಿಸಿ ಬಂದರು. ಅಲ್ಲಿಗೆ ನನ್ನ ಹೆಸರು ಪಟ್ಟಿಯಿಂದ ಹೋಯಿತು. ಸಂಜೆ ರೀನಾ ಫೋನು ಮಾಡಿ ಅತ್ತಳು. "ಚೆನ್ನಾಗಿ ಆಡು" ಅಂತ ಹೇಳಿ ಕಟ್ ಮಾಡಿದೆ.

ಆಪರೇಷನ್‌ಗೆ ಸರದಿ ಸಿಗಲು ತಿಂಗಳ ಮೇಲಾಯಿತು. ಅದರ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ, ನಾನು ಎಚ್ಚರ ಇರಲಿಲ್ಲ. ಎದ್ದಾಗ ಪಕ್ಕೆಯಿಂದ ಒಂದು ನಳಿಗೆ ಹೊರಟು ಮಂಚದ ಕೆಳಗಿನ ನೀರಿನ ಬಾಟಲಿಗೆ ಹೋಗಿತ್ತು. ನಾನು ಉಸಿರಾಡಿದರೆ ಬಾಟಲಿಯೊಳಗೆ ಗುಳುಗುಳು ಅನ್ನುತ್ತಿತ್ತು. ನೋವು ಹೇಗಿತ್ತೆಂದರೆ, ಸೀನು ಬಂದರೆ ಅಳು ಬರುತ್ತಿತ್ತು. ಮಾರನೇ ದಿನ ಒಬ್ಬ ಹುಡುಗಿ ಬಂದು ಕೈಗೆ ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ಮೂರು ಕೊಳವೆ, ಮೂರರಲ್ಲೂ ಒಂದೊಂದು ಪುಟ್ಟ ಚೆಂಡು. ನಳಿಗೆ ಬಾಯಲ್ಲಿಟ್ಟು ಉಸಿರು ಒಳಗೆಳೆದರೆ ಚೆಂಡು ಮೇಲೇಳಬೇಕು. "ಮೂರೂ ಎದ್ರೆ ಮನೆಗೆ ಹೋಗ್ಬಹುದು ಮಾ" ಅಂದಳು.

ಒಂದೂ ಏಳಲಿಲ್ಲ. ನಳಿಗೆ ಕಚ್ಚಿ, ಕಣ್ಣಲ್ಲಿ ನೀರು ಬರುವ ತನಕ ಎಳೆದೆ. ಮೊದಲನೇ ಚೆಂಡು ಒಂಚೂರು ಅಲುಗಾಡಿ ಕೂತುಬಿಟ್ಟಿತು. ಗೋಲಿಯಷ್ಟು ಸಣ್ಣ, ಹಗುರ ಚೆಂಡು.

ಪಕ್ಕದ ಮಂಚದಲ್ಲಿ ಚನ್ನಗಿರಿಯ ಶಾಂತಕ್ಕ ಇದ್ದಳು, ಶ್ವಾಸಕೋಶದಲ್ಲಿ ನೀರು ತುಂಬಿ ಬಂದವಳು. ಅವಳಿಗೂ ಅದೇ ಡಬ್ಬಿ. "ನಂದು ಎರಡು ಎದ್ದಾವೆ, ನಿಂದೆಷ್ಟು?" ಅಂತ ಬೆಳಗ್ಗೆ ಎದ್ದ ಕೂಡಲೇ ಪಂದ್ಯ ಹೂಡುತ್ತಿದ್ದಳು. ಅವಳ ವಯಸ್ಸು ನನ್ನ ಅಜ್ಜಿಗಿಂತ ಸ್ವಲ್ಪ ಕಡಿಮೆ. ನಾನು ದಿನವೂ ಸೋಲುತ್ತಿದ್ದೆ. ಗೆದ್ದದ್ದಕ್ಕೆ ಅವಳೇ ನನಗೆ ಕಿತ್ತಳೆ ಸುಲಿದು ಕೊಡುತ್ತಿದ್ದಳು. ಆ ವಾರ್ಡಿನಲ್ಲಿ ನಾನು ನಕ್ಕದ್ದೆಲ್ಲ ಅವಳಿಂದ.

ನಮ್ಮ ತಂಡದ ಮೊದಲ ಪಂದ್ಯ ನಡೆದ ಮಧ್ಯಾಹ್ನ ಅವಳೇ ತನ್ನ ಫೋನನ್ನು ಲೋಟಕ್ಕೆ ಆನಿಸಿ ಇಟ್ಟಳು. ರಾಷ್ಟ್ರಗೀತೆಗೆ ಹುಡುಗಿಯರು ಸಾಲಾಗಿ ನಿಂತರು. ನನಗಾಗಿ ಹೊಲಿಸಿದ ಒಂದನೇ ನಂಬರಿನ ಅಂಗಿ ರೀನಾಳ ಮೈಮೇಲಿತ್ತು, ಭುಜದಲ್ಲಿ ಸಡಿಲವಾಗಿತ್ತು. ಈಗ ಬರೆಯುವುದನ್ನು ಯಾರಿಗೂ ಹೇಳಿರಲಿಲ್ಲ. ಅವಳು ಗೋಲು ಬಿಡಲಿ ಅಂತ ನಾನು ಬಯಸಿದೆ. ರೇಣುಕಾ ಇದ್ದಿದ್ದರೆ ಅಂತ ಅವರೆಲ್ಲ ಅಂದುಕೊಳ್ಳಲಿ ಅಂತ ಮನಸಾರೆ ಬಯಸಿದೆ. ನನ್ನ ಬಯಕೆ ಫಲಿಸಿತು. ಒಂದರ ಹಿಂದೆ ಒಂದು ಗೋಲು. ಅರ್ಧ ಆಟ ಮುಗಿಯುವ ಹೊತ್ತಿಗೆ ರೀನಾ ಪ್ರತಿ ಗೋಲಿನ ನಂತರ ಎರಡೂ ಕೈಯಿಂದ ತನ್ನ ತಲೆಗೆ ಹೊಡೆದುಕೊಳ್ಳುತ್ತಿದ್ದಳು. ಥೂ ನನ್ನ ಜನ್ಮಕ್ಕಿಷ್ಟು ಅನ್ನಿಸಿತು. ಶಿಬಿರದಲ್ಲಿ ನನಗೆ ಜ್ವರ ಬಂದಾಗ ರಾತ್ರಿಯೆಲ್ಲ ಒದ್ದೆ ಬಟ್ಟೆ ಹಾಕಿದ ಹುಡುಗಿ ಅವಳು.

ಕೊನೆಯಲ್ಲಿ ಒಂದು ಪೆನಾಲ್ಟಿ ಬಂತು. ಎದುರಿನವಳ ಸೊಂಟ ತಿರುಗಿದ್ದು ನೋಡಿದೊಡನೆ ಚೆಂಡು ಎಡಗಡೆ ಮೇಲೆ ಬರುತ್ತದೆ ಅಂತ ನನಗೆ ಗೊತ್ತಾಯಿತು. "ಎಡಕ್ಕೆ! ಎಡಕ್ಕೆ ಕಣೇ!" ಅಂತ ಕೂಗಿ ಎಡಗೈ ಎತ್ತಿದೆ. ಕೈ ಅರ್ಧಕ್ಕೇ ನಿಂತಿತು, ಹೊಲಿಗೆ ಚುರ್ರೆಂದಿತು, ನಳಿಗೆ ಜಗ್ಗಿ ಬಾಟಲಿ ಉರುಳಿತು. ನರ್ಸಮ್ಮ ಓಡಿ ಬಂದು ಬಾಯಿಗೆ ಬಂದಂತೆ ಬೈದರು. ಗೋಲಾಗಿತ್ತು. ಎಡಗಡೆ ಮೇಲೇ. ನಾನು ಅಲ್ಲಿಗೆ ಕೂಗಿದ್ದು ಶಾಂತಕ್ಕನಿಗೆ ಬಿಟ್ಟರೆ ಯಾರಿಗೂ ಕೇಳಿಸಿರಲಿಲ್ಲ. ಉಳಿದ ಪಂದ್ಯಗಳನ್ನು ನಾನು ನೋಡಲಿಲ್ಲ. ತಂಡ ಒಂದು ಗೆದ್ದು ವಾಪಸಾಯಿತು. ಆ ಒಂದು ಗೆದ್ದ ದಿನ ನನ್ನ ಎರಡನೇ ಚೆಂಡು ಎದ್ದಿತು.

ಮೂರನೆಯದು ಪೂರ್ತಿ ಏಳದಿದ್ದರೂ ಮನೆಗೆ ಕಳಿಸಿದರು. ಮಾತ್ರೆ ತಿಂಗಳುಗಟ್ಟಲೆ ಇದ್ದವು. ನಾಯಿಗೂ ಹುಳದ ಮಾತ್ರೆ ಬರೆಸಿಕೊಂಡು ಬಂದಿದ್ದೆವು. ಕಾಯಿಲೆ ಹೇಗೆ ಬಂತೆಂದು ಅಜ್ಜಿಗೆ ಹೇಳಕೂಡದೆಂದು ಅಪ್ಪ ಎಲ್ಲರಿಂದ ಮಾತು ತೆಗೆದುಕೊಂಡಿದ್ದ. "ತಡಕಳಂಗಿಲ್ಲ ನಮ್ಮವ್ವ. ಕಣ್ಣು ಬಿದ್ದು ಆತು ಅಂದ್ಕಂಡಿರ್ಲಿ." ಎಲ್ಲರೂ ಒಪ್ಪಿದೆವು. ಅತ್ತೆಯೂ ಒಪ್ಪಿದ್ದಳು.

ನಾನು ಬಂದು ಒಂದು ತಿಂಗಳಿಗೆ, ಮೊಮ್ಮಗಳು ಉಳಿದಳೆಂಬ ಹರಕೆಗೆ ಮನೆಯಲ್ಲಿ ಒಂದು ಟಗರು ಕೊಯ್ದರು. ಯಾವತ್ತಿನಂತೆ ಒಳಗಿನದನ್ನು ಬಿಡಿಸಲು ಅಜ್ಜಿ ದೊಡ್ಡ ತಟ್ಟೆ ಇಟ್ಟುಕೊಂಡು ಅಂಗಳದಲ್ಲಿ ಕೂತಳು. ನಾಯಿ ಕೆಂಚ ತನ್ನ ಜಾಗದಲ್ಲಿ ಬಾಲ ಆಡಿಸುತ್ತ ಕಾಯುತ್ತಿತ್ತು. ನಾನು ಸಣ್ಣವಳಿದ್ದಾಗ ತಬ್ಬಿ ಮಲಗುತ್ತಿದ್ದ ನಾಯಿಯ ಮರಿ ಇದು. ಅಜ್ಜಿಯ ಚಾಕು ಶ್ವಾಸಕೋಶದ ಹತ್ತಿರ ಬಂದು ನಿಂತಿತು. ಅಲ್ಲಿ ದ್ರಾಕ್ಷಿಯಷ್ಟು ದೊಡ್ಡ ಎರಡು ಗುಳ್ಳೆ, ತೆಳ್ಳಗೆ, ಒಳಗೆ ತಿಳಿನೀರು.

ಅಜ್ಜಿ ಕೊಯ್ಯಲೂ ಇಲ್ಲ, ನನ್ನ ಕಡೆ ಕೈ ಚಾಚಲೂ ಇಲ್ಲ. ಚಾಕು ಕೆಳಗಿಟ್ಟಳು. "ನಿಮ್ಮತ್ತೆ ಎಲ್ಲ ಹೇಳ್ಯಾಳೆ," ಅಂದಳು. "ಬಂದ ದಿನಾನೇ ಹೇಳಿದ್ಲು."

ಒಂದು ತಿಂಗಳು ಗೊತ್ತಿದ್ದೂ ಸುಮ್ಮನಿದ್ದಳು. ನಾನು ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಕೆಂಚ ಎದ್ದಿತು. ಇಷ್ಟು ಹೊತ್ತಾದರೂ ತನ್ನ ಪಾಲು ಬರಲಿಲ್ಲವೆಂದು ತಟ್ಟೆಯ ಕಡೆಗೇ ನುಗ್ಗಿತು. ನನಗೆ ಅರಿವಿಲ್ಲದೆ ಅಡ್ಡ ನಿಂತೆ, ಕಾಲು ಅಗಲಿಸಿ, ಕೈ ಚಾಚಿ, ರೊಪ್ಪದ ಬಾಗಿಲಲ್ಲಿ ನಿಂತ ಹಾಗೆ. ಬಲಗೈ ಪೂರಾ ಚಾಚಿತು. ಎಡಗೈ ಅರ್ಧಕ್ಕೇ ನಿಂತಿತು. ನಾಯಿಗೆ ಅದು ಹೇಗೆ ತಿಳಿಯಿತೋ, ಎಡಗಡೆಯಿಂದಲೇ ನುಸುಳಿ ಹೋಯಿತು.

ಹಿಂದೆ ತಿರುಗಿ ನೋಡಿದರೆ ಅಜ್ಜಿ ತಟ್ಟೆಯ ಮೇಲೆ ಬೋರಲು ಬಿದ್ದಿದ್ದಳು. ಎರಡೂ ತೋಳಿಂದ ಅದನ್ನು ತಬ್ಬಿ, ಸೆರಗು, ರವಿಕೆ, ಕೈ ಎಲ್ಲ ರಕ್ತ ಮಾಡಿಕೊಂಡು, ಮುಖ ಮೊಣಕಾಲಿಗೆ ಒತ್ತಿಕೊಂಡಿದ್ದಳು. ಕೆಂಚ ಅವಳ ಬೆನ್ನನ್ನು ಮೂಸುತ್ತ ಸುತ್ತು ಹಾಕುತ್ತಿತ್ತು. ನಾನು ಹೋಗಿ ಬಲಗೈಯಿಂದ ಅದರ ಕುತ್ತಿಗೆ ಹಿಡಿದೆ.

"ಅಜ್ಜಿ, ಏಳು. ಹಿಡ್ಕಂಡೀನಿ ಅದನ್ನ."

ಅವಳು ಏಳಲಿಲ್ಲ. "ಹಿಂಗೆ ತಡೀಬೇಕಿತ್ತು ನಾನು," ಅಂದಳು. "ನೀನು ಕೂಸಿದ್ದಾಗ. ಹಿಂಗೆ ತಡೀಬೇಕಿತ್ತು. ನಾನೇ ನಿನ್ನ ಕೈಗೆ ಕೊಟ್ನಲ್ಲವ್ವ."

ಅಪ್ಪ ಹಾರೆ ತಂದು ಬೇವಿನ ಮರದ ಆಚೆ ಗುಂಡಿ ತೋಡತೊಡಗಿದ. ಅದು ಸೊಂಟದಷ್ಟು ಆಳವಾಗುವ ತನಕ ಅಜ್ಜಿ ತಟ್ಟೆ ಬಿಡಲಿಲ್ಲ. ನಾಯಿಯನ್ನು ಒಂದೇ ಕೈಯಲ್ಲಿ ಹಿಡಿದುಕೊಂಡು ಅವಳ ಪಕ್ಕದಲ್ಲಿ ಕೂತೆ.